ಅಯ್ಯೋ ಎಂದರೆ ದುಃಖ ಮಾತ್ರ

ಭಾನುವಾರ ಬಂತೆಂದರೆ ಮುಂಬೈ ಲೋಕಲ್ ರೈಲಿನ ಸೆಂಟ್ರಲ್ ಲೈನಿನಲ್ಲಿ ಹಳಿ ದುರಸ್ತಿಯ ಮೆಗಾ ಬ್ಲಾಕ್, ಡೊಂಬಿವಲಿಯ ನಮ್ಮ ಸೊಸೈಟಿಯ ಹಾಲ್‌ನಲ್ಲಿ ನನ್ನ ಕನ್ನಡ ತರಗತಿ. ಎರಡರಿಂದಲೂ ಪಾರಾಗಲು ಜನರಿಗೆ ಗೊತ್ತಿರುವ ಉಪಾಯ ಒಂದೇ, ಮನೆಯಿಂದ ಹೊರಗೆ ಬರದಿರುವುದು. ಆದರೂ ಇವತ್ತು ಒಂಬತ್ತು ಮಕ್ಕಳು ಬಂದಿದ್ದರು. ಅವರಲ್ಲೊಬ್ಬಳು ನನ್ನ ಮರ್ಯಾದೆ ಕಳೆದಳು. ಕಳೆದದ್ದು ಅವಳಿಗೆ ಗೊತ್ತೂ ಆಗಲಿಲ್ಲ, ಹೊಟ್ಟೆಯುರಿ ಅದಕ್ಕೇ.

ಆಜ್ಞಾರ್ಥಕ ಮತ್ತು ಭಾವಸೂಚಕ ವಾಕ್ಯಗಳ ಪಾಠ. ಸುಲಭವೆಂದು ನಾನೇ ಆರಿಸಿಕೊಂಡದ್ದು. ಕನ್ನಡದಲ್ಲಿ ಆಜ್ಞೆ ಮಾಡಲು ಧಾತುವೊಂದೇ ಸಾಕು: ಬಾ, ಹೋಗು, ತಿನ್ನು. ಮರ್ಯಾದೆಗೆ ಕೊನೆಯಲ್ಲೊಂದು ‘ಇ’ ಸೇರಿಸಿದರೆ ಬನ್ನಿ, ಹೋಗಿ, ತಿನ್ನಿ. ಆ ‘ಇ’ ಮಾತ್ರ ಮುಂಬೈಯ ಗಾಳಿಗೆ ನಿಲ್ಲುವುದಿಲ್ಲ. “ಸರ್, ಬೋರ್ಡ್ ಒರೆಸು” ಎಂದು ಆರು ವರ್ಷದವನೊಬ್ಬ ಅಪ್ಪಣೆ ಕೊಟ್ಟ. ಒರೆಸಿದೆ. ವಾಕ್ಯದಲ್ಲಿ ತಪ್ಪಿರಲಿಲ್ಲವಲ್ಲ.

ಭಾವಸೂಚಕಕ್ಕೆ ಬಂದಾಗ ‘ಏ!’ ಎಂದು ಬರೆದು ಗಟ್ಟಿಯಾಗಿ ಓದಿದೆ. ಹಿಂದಿನ ಸಾಲಿನಿಂದ ಇಬ್ಬರು ಎದ್ದು ಬಂದು ನನ್ನ ಪಕ್ಕ ನಿಂತರು. ಮರಾಠಿಯಲ್ಲಿ ‘ಯೇ’ ಎಂದರೆ ಬಾ.

ಕೊನೆಗೆ ‘ಹೊಂದಿಸಿ ಬರೆಯಿರಿ’ ಕೊಟ್ಟೆ. ಆಹಾ, ಅಬ್ಬಾ, ಛೇ, ಅಯ್ಯೋ ಒಂದು ಕಡೆ. ಸಂತೋಷ, ಆಶ್ಚರ್ಯ, ಬೇಸರ, ದುಃಖ ಇನ್ನೊಂದು ಕಡೆ. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಅಯ್ಯೋದಿಂದ ನಾಲ್ಕಕ್ಕೂ ಗೆರೆ ಎಳೆದಿದ್ದಳು. ಪುಟವೆಲ್ಲ ಕುರ್ಲಾ ಸ್ಟೇಷನ್ನಿನ ಹಳಿಗಳಂತೆ ಕಾಣುತ್ತಿತ್ತು. ಕೆಂಪು ಶಾಯಿಯಲ್ಲಿ ‘ಅಯ್ಯೋ ಎಂದರೆ ದುಃಖ ಮಾತ್ರ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಎರಡನೆಯ ಗೆರೆ ಬೇಕಿರಲಿಲ್ಲ.

ಹನ್ನೊಂದೂವರೆಗೆ ಅವಳನ್ನು ಕರೆದೊಯ್ಯಲು ಅಜ್ಜಿ ಬಂದರು. ಹಾಸನದ ಕಡೆಯವರು.

“ಅಯ್ಯೋ ಮೇಷ್ಟ್ರೇ, ಚೆನ್ನಾಗಿದ್ದೀರಾ?”

ಹುಡುಗಿ ಪೆನ್ಸಿಲ್ ಕಚ್ಚಿಕೊಂಡು ನನ್ನ ಮುಖ ನೋಡಿದಳು. ಚೆನ್ನಾಗಿದ್ದೇನೆ ಎಂದೆ. “ಅಯ್ಯೋ, ಅಷ್ಟಾದರೆ ಸಾಕು ಬಿಡಿ!” ಸಂತೋಷ. ಮಾತು ತಿರುಗಿಸಲು, ಬಿ ವಿಂಗಿನ ಲಿಫ್ಟ್ ಸರಿಹೋಯಿತಂತೆ ಎಂದೆ. “ಅಯ್ಯೋ, ನಿಜವಾಗಿಯೂ?” ಆಶ್ಚರ್ಯ. ನೀರು ಮಾತ್ರ ಇವತ್ತೂ ಒಂದೇ ಹೊತ್ತು ಎಂದೆ. “ಅಯ್ಯೋ, ಇವರ ಮನೆ ಹಾಳಾಗಲಿ!” ಇದು ಕೋಪ, ಕೋಪವನ್ನು ನಾನು ಪಟ್ಟಿಯಲ್ಲಿ ಕೊಟ್ಟೇ ಇರಲಿಲ್ಲ. (ಹಾಳಾಗಲಿ ಎನ್ನುವುದೂ ವಿಧ್ಯರ್ಥವೇ, ಆಜ್ಞಾರ್ಥಕದ ಗುಂಪಿಗೇ ಸೇರಿದ್ದು. ನೂರು ಕಾಲ ಬಾಳಲಿ ಎಂಬ ಹರಕೆಗೂ ರೂಪ ಅದೇ. ಇದನ್ನು ಮುಂದಿನ ವಾರ ಹೇಗೆ ಕಲಿಸುವುದೋ.)

ಅವರನ್ನು ದುಃಖಕ್ಕೆ ತಂದೇ ತರಬೇಕೆಂದು ನನಗೆ ಹಟ ಹತ್ತಿತು. ಊರಿನಲ್ಲಿ ನಿಮ್ಮ ಪಕ್ಕದ ಮನೆಯವರು ಬಿದ್ದು ಕಾಲು ಮುರಿದುಕೊಂಡಿದ್ದರಲ್ಲ, ಹೇಗಿದ್ದಾರೆ ಎಂದು ಕೇಳಿದೆ.

“ಅವರು ಹೋಗಿಬಿಟ್ಟರು, ಪಾಪ” ಎಂದರು ಅಜ್ಜಿ.

ಅಯ್ಯೋ ಇಲ್ಲ! ಇದೊಂದೇ ಜಾಗದಲ್ಲಿ ಇಲ್ಲ!

“ಅಯ್ಯೋ” ಎಂದವನು ನಾನು. ಅದು ಸತ್ತವರಿಗಾಗಿ ಎಂದು ಅಜ್ಜಿ ತಿಳಿದುಕೊಂಡು ಕಣ್ಣೊರೆಸಿಕೊಂಡರು. ಆಮೇಲೆ ತಲೆಯೆತ್ತಿ, “ಈ ಫ್ಯಾನು ಯಾರಿಗಾಗಿ ತಿರುಗುತ್ತಿದೆಯೋ” ಎಂದರು. ಮೂವರು ಮಕ್ಕಳು ಸ್ವಿಚ್ಚಿನ ಕಡೆಗೆ ಓಡಿದರು. ‘ಆರಿಸು’, ‘ಆರಿಸಿ’ ಎಂದು ನಾನು ಅರ್ಧ ಗಂಟೆ ಬೋರ್ಡಿನ ಮೇಲೆ ಬರೆದು ಕಲಿಸಿದಾಗ ಯಾರೂ ಕುಳಿತಲ್ಲಿಂದ ಅಲುಗಿರಲಿಲ್ಲ.

ಊರಿಗೆ ಫೋನ್ ಮಾಡಿದರೆ ನಮ್ಮಮ್ಮ ಹಲೋ ಎನ್ನುತ್ತಿರಲಿಲ್ಲ. “ಅಯ್ಯೋ, ನೀನಾ!” ಎನ್ನುತ್ತಿದ್ದಳು, ಪ್ರತಿ ಶನಿವಾರ, ಶನಿವಾರ ರಾತ್ರಿ ಬೇರೆ ಯಾರೂ ಫೋನ್ ಮಾಡುವವರಿಲ್ಲದಿದ್ದರೂ. ಆ ಅಯ್ಯೋದಿಂದ ಯಾವ ಕಡೆಗೆ ಗೆರೆ ಎಳೆಯಬೇಕಿತ್ತೋ. ಈಗ ಆ ನಂಬರಿಗೆ ಅಣ್ಣ ಸಿಗುತ್ತಾನೆ. “ಹೇಳು” ಎನ್ನುತ್ತಾನೆ. ಶುದ್ಧ ಆಜ್ಞಾರ್ಥಕ.

ಹುಡುಗಿ ಪುಸ್ತಕ ಹಿಡಿದು ನಿಂತೇ ಇದ್ದಳು. ಕೆಂಪು ಶಾಯಿ ರಬ್ಬರಿಗೆ ಹೋಗುವುದಿಲ್ಲ. ‘ಮಾತ್ರ’ ಎಂಬುದನ್ನು ಹೊಡೆದುಹಾಕಿ ‘ಕೂಡ’ ಎಂದು ಬರೆದೆ.

“ಸರ್, ಸಹಿ ಹಾಕು” ಎಂದಳು.

ಹಾಕಿದೆ.