ಚೀನೀ ಮುಖ ಅಂದ್ರೆ ವಿಲನ್, ಇಲ್ಲಾಂದ್ರೆ ಜೋಕರ್

ಟಿವಿ ಕಾಮಿಡಿ ಶೋಗಳಲ್ಲಿ ಒಬ್ಬ ಬರ್ತಾನೆ, ನೀವೂ ನೋಡಿರ್ತೀರಿ. ತುಟಿಯ ಎರಡೂ ಕಡೆ ಇಳಿಬಿದ್ದ ದಾರದಂಥ ಮೀಸೆ. ಟೇಪ್ ಅಂಟಿಸಿ ಎಳೆದ ಕಣ್ಣು. ಮಿರಮಿರ ಮಿಂಚುವ ಕೆಂಪು ನಿಲುವಂಗಿ. ಬಂದವನೇ ಸೊಂಟ ಬಗ್ಗಿಸಿ 'ಚಿಂಗ್ ಚಾಂಗ್' ಅನ್ನುತ್ತಾನೆ. ಆಮೇಲೆ ಜಿರಲೆ ತಿನ್ನುವ ಜೋಕು. ತೀರ್ಪುಗಾರರು ಬಿದ್ದು ಬಿದ್ದು ನಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಈ ಮುಖ ಪರದೇಶದ್ದು ಅಂತ ಇವರಿಗೆ ಹೇಳಿದವರು ಯಾರು? ಕೋಲ್ಕತ್ತಾದಲ್ಲಿ ಚೀನೀ ಮೂಲದ ಜನ ಇನ್ನೂರು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಇದ್ದಾರೆ. ಅವರಲ್ಲಿ ಹಕ್ಕಾ ಅನ್ನುವ ಪಂಗಡದ ಜನ ಆ ಊರಿನ ಟ್ಯಾಂಗ್ರಾ ಬಡಾವಣೆಯಲ್ಲಿ ಚರ್ಮ ಹದ ಮಾಡಿದರು, ಊರಿಗೆಲ್ಲ ಬೂಟು ಹೊಲಿದು ಕೊಟ್ಟರು. ಕ್ಯಾಂಟನ್ ಕಡೆಯವರು ಮರಗೆಲಸಕ್ಕೆ ಹೆಸರಾದರು. ಹುಬೇ ಕಡೆಯವರು ಹಲ್ಲಿನ ಡಾಕ್ಟರಾದರು. ಟ್ಯಾಂಗ್ರಾದ ಕಾಳಿ ಗುಡಿಯಲ್ಲಿ ಇವತ್ತಿಗೂ ಅಮ್ಮನಿಗೆ ನೂಡಲ್ಸ್ ನೈವೇದ್ಯ ಇಡುತ್ತಾರೆ. ಆ ಒಂದು ಬೀದಿಯಲ್ಲಿ ಹತ್ತು ಧಾರಾವಾಹಿಗೆ ಆಗುವಷ್ಟು ಕಥೆ ಇದೆ. ನಮ್ಮವರಿಗೆ ಕಂಡದ್ದು ಮೀಸೆ ಮಾತ್ರ.

ಇದು ಇವತ್ತು ಶುರುವಾದದ್ದೂ ಅಲ್ಲ. 1958ರ ಹಿಂದಿ ಸಿನಿಮಾ 'ಹೌರಾ ಬ್ರಿಡ್ಜ್' ನೆನಪಿಸಿಕೊಳ್ಳಿ. ಹೆಲೆನ್ 'ಚಿನ್ ಚಿನ್ ಚೂ' ಅಂತ ಕುಣಿದರು, ಪಂಜಾಬಿ ನಟ ಮದನ್ ಪುರಿ ಜಾನ್ ಚಾಂಗ್ ಅನ್ನುವ ಖಳನಾದರು. ಮಾರನೇ ವರ್ಷ ನಿರ್ದೇಶಕ ಮೃಣಾಲ್ ಸೇನ್ ಬಂಗಾಳಿಯಲ್ಲಿ 'ನೀಲ್ ಆಕಾಶೇರ್ ನೀಚೆ' ಮಾಡಿದರು. ಕಲ್ಕತ್ತೆಯ ಬೀದಿಯಲ್ಲಿ ವ್ಯಾಪಾರ ಮಾಡುವ ಚೀನೀಯ ವಾಂಗ್ ಲೂ ಅದರಲ್ಲಿ ನಗುತ್ತಾನೆ, ಅಳುತ್ತಾನೆ, ಒಬ್ಬ ಹೆಣ್ಣುಮಗಳನ್ನು ಅಕ್ಕನ ಹಾಗೆ ಪ್ರೀತಿಸುತ್ತಾನೆ. ಆ ಪಾತ್ರ ಮಾಡಿದ್ದೂ ಬಂಗಾಳಿ ನಟನೇ. ಆದರೂ ಮನುಷ್ಯನನ್ನು ಮನುಷ್ಯನಾಗಿ ತೋರಿಸಿದರಲ್ಲ, ಅದಕ್ಕೆ ನನ್ನ ಕೈಮುಗಿತ. ಸರ್ಕಾರ ಆ ಸಿನಿಮಾವನ್ನೇ ಸ್ವಲ್ಪ ಕಾಲ ನಿಷೇಧಿಸಿತ್ತು.

ಆಮೇಲೆ 1962ರ ಭಾರತ-ಚೀನಾ ಯುದ್ಧ. ಅಸ್ಸಾಂ, ಡಾರ್ಜಿಲಿಂಗ್, ಶಿಲ್ಲಾಂಗ್ ಕಡೆಯಿಂದ ಚೀನೀ ಮೂಲದ ಸುಮಾರು 3,000 ಜನರನ್ನು ಎಳೆದು ರೈಲು ಹತ್ತಿಸಿ ರಾಜಸ್ಥಾನದ ದೇವ್ಲಿ ಕ್ಯಾಂಪಿನಲ್ಲಿ ಕೂಡಿಹಾಕಿದರು. ಮಕ್ಕಳು, ಮುದುಕರು, ಬಸುರಿಯರು. ಅವರಲ್ಲಿ ಎಷ್ಟೋ ಜನ ಹುಟ್ಟಿದ್ದೇ ಈ ಮಣ್ಣಿನಲ್ಲಿ. ಕೆಲವರು ಹೊರಗೆ ಬರುವಷ್ಟರಲ್ಲಿ 1967 ಆಗಿತ್ತು. ಮನೆ, ಅಂಗಡಿ ಎಲ್ಲ ಹರಾಜಾಗಿ ಹೋಗಿತ್ತು. ಈ ಯುದ್ಧದ ಮೇಲೆ ಬಾಲಿವುಡ್ ಸಿನಿಮಾ ಮಾಡಿತು, ಸೈನಿಕರ ಕಥೆ ಹೇಳಿತು, ಸರಿ. ಈ ಕುಟುಂಬಗಳ ಕಥೆ ಎಲ್ಲಿ ಹೋಯಿತು?

2017ರಲ್ಲಿ 'ಟ್ಯೂಬ್‌ಲೈಟ್' ಅನ್ನುವ ಹಿಂದಿ ಸಿನಿಮಾ ಬಂತು. ಆ ಯುದ್ಧದ ಕಾಲದಲ್ಲಿ ಇಲ್ಲೇ ಬದುಕುವ ಚೀನೀ ಮೂಲದ ತಾಯಿ, ಮಗ ಅದರಲ್ಲಿದ್ದಾರೆ. ಅಬ್ಬಾ, ಕೊನೆಗೂ ಒಬ್ಬರು ಮನಸ್ಸು ಮಾಡಿದರು ಅಂದುಕೊಂಡೆ. ತಾಯಿಯ ಪಾತ್ರಕ್ಕೆ ಬೀಜಿಂಗ್‌ನಿಂದ ನಟಿ ಝೂ ಝೂ ಅವರನ್ನು ಕರೆಸಿದರು. ಆಕೆ ಚೆನ್ನಾಗಿಯೇ ಮಾಡಿದರು, ಅದರ ಬಗ್ಗೆ ತಕರಾರಿಲ್ಲ. ಆದರೆ 'ನಾವೂ ಈ ದೇಶದವರೇ' ಅನ್ನುವ ಹೆಂಗಸಿನ ಪಾತ್ರಕ್ಕೆ ಈ ದೇಶದಲ್ಲಿ ಒಬ್ಬ ಹುಡುಗಿಯೂ ಸಿಗಲಿಲ್ವಾ? ಮಗನ ಪಾತ್ರ ಮಾಡಿದ್ದು ಅರುಣಾಚಲದ ಪುಟ್ಟ ಹುಡುಗ. ಪ್ರಚಾರದ ಹೊತ್ತಿನಲ್ಲಿ ಪತ್ರಕರ್ತರೊಬ್ಬರು ಅವನನ್ನೇ ಕೇಳಿದರು, ಭಾರತಕ್ಕೆ ಬಂದಿದ್ದು ಇದೇ ಮೊದಲಾ ಅಂತ. ಅಷ್ಟು ವರ್ಷ ಪರದೆಯ ಮೇಲೆ ಬಿತ್ತಿದ್ದೇ ಅಲ್ಲಿ ಬೆಳೆದು ನಿಂತಿತ್ತು.

ನಮ್ಮ ಬೆಂಗಳೂರಿನ ಕಥೆ ಕೇಳಿ. ನನ್ನ ಗೆಳತಿಯೊಬ್ಬಳು ಚೀನೀ ಮೂಲದವಳು. ತಾತ ಕೋಲ್ಕತ್ತಾದಿಂದ ಬಂದವರು, ಅಮ್ಮ ಬ್ಯೂಟಿ ಪಾರ್ಲರ್ ನಡೆಸುತ್ತಾರೆ. ಇವಳ ಕನ್ನಡ ನನ್ನ ಕನ್ನಡಕ್ಕಿಂತ ಚುರುಕು. ಒಂದು ಜಾಹೀರಾತಿಗೆ ಕರೆದಿದ್ದರು. ಎರಡು ಸಾಲು ಹೇಳುವಷ್ಟರಲ್ಲಿ ನಿಲ್ಲಿಸಿದರಂತೆ. 'ಮೇಡಂ, ಕನ್ನಡ ಜಾಸ್ತಿ ಚೆನ್ನಾಗಿದೆ. ಸ್ವಲ್ಪ ತಡವರಿಸಿ, ಚೈನೀಸ್ ತರ ಹೇಳಿ.' 'ಸಾರ್, ನಾನು ಹುಟ್ಟಿ ಬೆಳೆದಿದ್ದೇ ಇಲ್ಲಿ, ನಂಗೆ ಮಾತಾಡೋಕೆ ಬರೋದೇ ಹೀಗೆ' ಅಂದಳು. ಆಮೇಲೆ ಫೋನೇ ಇಲ್ಲ. ಜಾಹೀರಾತು ಬಂದಾಗ ನೋಡಿದರೆ ಅದೇ ಟೇಪ್ ಅಂಟಿಸಿದ ಕಣ್ಣು, ಬೇರೆ ಯಾರೋ.

ಹೊಟ್ಟೆ ಉರಿಯುವುದು ಇಲ್ಲೇ. ತಡವರಿಸುವವರು ಬೇಕಂತೆ, ಸರಿಯಾಗಿ ಮಾತಾಡುವವರು ಬೇಡವಂತೆ!

ಕೇಳಿದರೆ ಒಂದೇ ಉತ್ತರ: 'ಅಂಥ ಕಲಾವಿದರು ಎಲ್ಲಿದ್ದಾರೆ ಹೇಳಿ?' ಧನ್‌ಬಾದ್‌ನ ಮೆಯಾಂಗ್ ಚಾಂಗ್ ಇಲ್ಲವೇ? ಬೆಂಗಳೂರಿನಲ್ಲೇ ಹಲ್ಲಿನ ಡಾಕ್ಟರಿಕೆ ಓದಿ, 2007ರ 'ಇಂಡಿಯನ್ ಐಡಲ್'ನಲ್ಲಿ ಕಿಶೋರ್ ಕುಮಾರ್ ಹಾಡು ಹಾಡಿ ದೇಶಕ್ಕೆಲ್ಲ ಪರಿಚಯ ಆದವರು. ನಿರೂಪಣೆ ಮಾಡಿದರು, ಸಿನಿಮಾ ಮಾಡಿದರು. ಅವರು ಆಕಾಶದಿಂದ ಉದುರಲಿಲ್ಲ, ಯಾರೋ ಆಡಿಷನ್‌ಗೆ ಬಾಗಿಲು ತೆರೆದಿದ್ದಕ್ಕೆ ಕಂಡರು. ನೀವು ಎಷ್ಟು ಸಲ ತೆರೆದಿದ್ದೀರಿ ಸ್ವಾಮಿ?

ಮಹಾ ಕಥೆಯೇನೂ ಬೇಡ. ದಿನಾ ಬರುವ ಧಾರಾವಾಹಿಯಲ್ಲಿ ಒಬ್ಬ ಪಕ್ಕದ್ಮನೆ ಆಂಟಿ ಚೀನೀ ಮೂಲದವರಾಗಿರಲಿ. ನೀರು ಬಂದಿಲ್ಲ ಅಂತ ಕಾರ್ಪೊರೇಷನ್‌ನವರಿಗೆ ಬೈಯಲಿ, ಮಗಳ ಮದುವೆಗೆ ಸಾಲ ಮಾಡಲಿ, ಅತ್ತೆಯ ಜೊತೆ ಜಗಳ ಆಡಲಿ. ಅವರ ಮೂಲದ ಬಗ್ಗೆ ಒಬ್ಬರೂ ಒಂದು ಮಾತೂ ಆಡದೆ ನೂರು ಎಪಿಸೋಡ್ ಓಡಿಸಿ. ಆ ಪಾತ್ರಕ್ಕೆ ನನ್ನ ಗೆಳತಿಯ ಅಮ್ಮನನ್ನೇ ಕರೆಯಿರಿ. ಜಗಳದಲ್ಲಿ ಅವರನ್ನು ಮೀರಿಸುವವರು ನಮ್ಮ ಏರಿಯಾದಲ್ಲೇ ಇಲ್ಲ.