ಕಾಯಿಲೆಗೊಂದು ಪಾಯಿಂಟ್

ರಕ್ತದೊತ್ತಡದ ಗುಳಿಗೆ ಕೊಳ್ಳಲು ಹೋದರೆ, ಅಂಗಡಿಯ ಹುಡುಗ ಚೀಟಿ ನೋಡುವ ಮೊದಲೇ ಮೊಬೈಲ್ ನಂಬರ್ ಕೇಳಿದ. ಯಾಕಪ್ಪ ಎಂದೆ. ‘ಪಾಯಿಂಟ್ ಜಮಾ ಆಗುತ್ತವೆ ಸರ್, ಮುಂದಿನ ಬಿಲ್ಲಿನಲ್ಲಿ ಅಷ್ಟು ಹಣ ಕಳೆಯಬಹುದು. ಹೇಗೂ ಪ್ರತಿ ತಿಂಗಳು ಬರುತ್ತೀರಲ್ಲ’ ಎಂದು ನಕ್ಕ. ಒತ್ತಡ ಅಲ್ಲಿಯೇ ಒಂದಿಷ್ಟು ಏರಿತು.

ಬಟ್ಟೆ ಅಂಗಡಿಯವರು ದೀಪಾವಳಿಗೆ ರಿಯಾಯಿತಿ ಕೊಡಲಿ, ಬೇಡ ಎನ್ನುವುದಿಲ್ಲ. ದುರ್ಗದಬೈಲಿನಲ್ಲಿ ಚೌಕಾಶಿ ಮಾಡದೆ ಬಂದವನು ಹುಬ್ಬಳ್ಳಿಯವನೇ ಅಲ್ಲ. ಆದರೆ ಗುಳಿಗೆ ನುಂಗುವುದಕ್ಕೂ ಬಹುಮಾನವೇ? 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಅದಕ್ಕೆ ಯಾರೂ ನನ್ನ ನಂಬರ್ ಕೇಳಲಿಲ್ಲ.

ಇನ್ನು ವಿಮೆ. ಅದರ ಕಣ್ಣಿಗೆ ನಾನು ರೋಗಿಯೇ ಅಲ್ಲ. ಸಾಮಾನ್ಯ ಪಾಲಿಸಿಗಳಲ್ಲಿ ಕೆಲವು ಚಿಕಿತ್ಸೆಗಳನ್ನು ಬಿಟ್ಟರೆ ಆಸ್ಪತ್ರೆಯಲ್ಲಿ 24 ತಾಸು ಮಲಗಿದ್ದವನೇ ರೋಗಿ. ನಿಂತು ಗುಳಿಗೆ ಕೊಳ್ಳುವವನು ಬರೀ ಗಿರಾಕಿ.

ಇಲ್ಲಿ ಗದಗದ ಕಾಕಾನ ಕಥೆ ಹೇಳಿಬಿಡಬೇಕು. ನಾನು ಹೇಳದಿದ್ದರೆ ಅವರೇ ಹೇಳುತ್ತಾರೆ, ಆಗ ಇನ್ನೂ ಉದ್ದವಾಗುತ್ತದೆ. ಅವರಿಗೆ ಹುಬ್ಬಳ್ಳಿಯಲ್ಲಿ ಮೊಣಕಾಲು ಬದಲಿಸುವ ಶಸ್ತ್ರಚಿಕಿತ್ಸೆ ಆಯಿತು. ವಿಮೆಯವರು ಮೊಣಕಾಲಿನ ಹಣ ಕೊಟ್ಟರು, ವಾಕರ್‌ನ ಹಣ ಕೊಡಲಿಲ್ಲ. ಕಾಕಾ ನಿವೃತ್ತ ಕಂದಾಯ ನೌಕರರು; ಕಾಗದ ಕಂಡರೆ ಕಾಲುನೋವು ಮರೆಯುವ ಜಾತಿ. ಪಾಲಿಸಿಯ ಬಾಲಕ್ಕೆ ಅಂಟಿದ್ದ ಪಟ್ಟಿಯನ್ನು ಭೂತಗನ್ನಡಿ ಹಿಡಿದು ಓದಿದರು. ಆಸ್ಪತ್ರೆಯ ಬಿಲ್ಲಿನಲ್ಲಿದ್ದರೂ ವಿಮೆ ಕೊಡದಿರಬಹುದಾದ 68 ಬಾಬತ್ತುಗಳು. ಮೊದಲನೆಯದೇ ಮಗುವಿನ ಆಹಾರ. ‘ನನ್ನ ಮೊಣಕಾಲಿಗೂ ಕೂಸಿನ ಊಟಕ್ಕೂ ಏನಪ್ಪ ಸಂಬಂಧ?’ ಎಂದು ನನಗೆ ಫೋನ್ ಮಾಡಿದರು. ಮುಂದೆ ಸೌಂದರ್ಯ ಸೇವೆ, ಕೈಚೀಲ, ಟಿವಿ, ಕ್ರೇಪ್ ಬ್ಯಾಂಡೇಜ್ ಎಲ್ಲ ಓದಿ ಕೇಳಿಸಿದರು. ನಡೆಯುವ ಸಾಧನ ಬಂದಾಗ ದನಿ ಏರಿತು. ‘ಕಾಲು ಕೊಟ್ಟು ನಡೆಯಬೇಡ ಎನ್ನುತ್ತಾರೆ!’ ಕಾಕೂ ಹಿಂದಿನಿಂದ, ‘ಆ ಸೌಂದರ್ಯ ಸೇವೆಯ ಬಿಲ್ ನಿಮಗೆ ಎಲ್ಲಿಂದ ಬರಬೇಕು, ಸುಮ್ಮನಿರಿ’ ಎಂದದ್ದು ನನಗೂ ಕೇಳಿಸಿತು.

ವಿಮೆ ಕೈಬಿಟ್ಟ ವಾಕರ್‌ಗೆ ಔಷಧಿ ಅಂಗಡಿ ಮಾತ್ರ ಧಾರಾಳವಾಗಿ ಪಾಯಿಂಟ್ ಕೊಟ್ಟಿತ್ತು. ಆಸ್ಪತ್ರೆಯಿಂದ ಬಂದ ಮೇಲಿನ ಗುಳಿಗೆಗಳಿಗೆ ಸಾಮಾನ್ಯವಾಗಿ 60 ದಿನಗಳವರೆಗೆ ವಿಮೆ ಕೊಡುತ್ತದೆ, ವೈದ್ಯರ ಚೀಟಿ ಮತ್ತು ಅಸಲು ಬಿಲ್ ಇದ್ದರೆ. ಕಾಕಾ ಆ ಬಿಲ್ಲಿನಲ್ಲೇ ಪಾಯಿಂಟ್ ಕಳೆಯಲು ಹೊರಟಿದ್ದರು. ಪಾಯಿಂಟ್ ಕಳೆದ ಬಿಲ್ಲಿಗೆ ವಿಮೆ ಉಳಿದದ್ದಷ್ಟೇ ಕೊಡುತ್ತದೆ ಕಾಕಾ, ನಿಮ್ಮ ರಿಯಾಯಿತಿ ವಿಮೆಯವರ ಪಾಲಾಗುತ್ತದೆ ಎಂದೆ. ಅರ್ಧ ಗಳಿಗೆ ಮೌನ. ‘ಹಾಗಾದರೆ ಪಾಯಿಂಟ್ ಬೇರೆ ಇಡುತ್ತೇನೆ’ ಎಂದರು.

ಬೇರೆ ಇಟ್ಟರು. ಈಗ ಅಂಗಡಿಯಿಂದ ಸಂದೇಶ ಬಂದಿದೆ: ಪಾಯಿಂಟ್‌ಗಳ ಅವಧಿ ತಿಂಗಳ ಕೊನೆಗೆ ಮುಗಿಯುತ್ತದೆ. ಕಾಕಾ ಗಟ್ಟಿಮುಟ್ಟಾಗಿದ್ದಾರೆ, ಬೆಳಿಗ್ಗೆ ಭೀಷ್ಮ ಕೆರೆಯ ಸುತ್ತ ವಾಕರ್ ಇಲ್ಲದೆ ಓಡಾಡುತ್ತಾರೆ, ಗುಳಿಗೆಯ ಅಗತ್ಯವೇ ಇಲ್ಲ. ನಿನ್ನೆ ರಾತ್ರಿ ಫೋನ್ ಮಾಡಿ ಕೇಳಿದರು: ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಕೆಮ್ಮು ಇದೆಯೇನು?’