ಒಂದು ಗೊನೆ, ನಾಲ್ಕು ಬಾಯಿ

ನಾನು ಒಳ್ಳೆಯ ತೋಟಗಾರನಲ್ಲ. ನನ್ನ ಕೈಗೆ ಸಿಕ್ಕ ಗುಲಾಬಿ ಮೂರೇ ತಿಂಗಳಲ್ಲಿ ಮುಳ್ಳಿನ ಕಡ್ಡಿಯಾಗುತ್ತದೆ. ಟೊಮೆಟೊ ಹೂ ಬಿಟ್ಟು, ಆಸೆ ಹುಟ್ಟಿಸಿ, ಎಲೆ ಮುದುಡಿಕೊಂಡು ಹೊರಟುಹೋಗುತ್ತದೆ. ಇಂಥವನಿಗೂ ಒಲಿಯುವ ಗಿಡ ಒಂದಿದ್ದರೆ ಅದು ಬಾಳೆ. ಒಂದು ಗುಂಡಿ, ಎರಡು ಬುಟ್ಟಿ ಗೊಬ್ಬರ, ಯಾರೋ ಕೊಟ್ಟ ಒಂದು ಕಂದು, ಅಂದರೆ ಬಾಳೆಯ ಬುಡದಲ್ಲಿ ಏಳುವ ಮರಿಗಿಡ. ತರಕಾರಿ ತೊಳೆದ ನೀರು ಹರಿದುಹೋಗುವ ಕಡೆ ನೆಟ್ಟು ಮರೆತರೂ ಆಯ್ತು. ಮರೆಯೋಕೆ ಅದು ಬಿಡುವುದಿಲ್ಲ ಅನ್ನುವುದು ಬೇರೆ ಮಾತು.

ಕಂದು ಆರಿಸುವಾಗ ಮಾತ್ರ ಕಣ್ಣು ಬಿಟ್ಟು ನೋಡಬೇಕು. ಎಳೆಯ ವಯಸ್ಸಿನಲ್ಲೇ ಅಗಲ ಎಲೆ ಬಿಟ್ಟು ಚಂದಕ್ಕೆ ನಿಂತಿರುವ ಕಂದು ಬೇಡ. ಅದಕ್ಕೆ ಬುಡದಲ್ಲಿ ಬಲ ಇರುವುದಿಲ್ಲ. ಕತ್ತಿಯ ಹಾಗೆ ಸಪೂರ ಎಲೆಯಿದ್ದು, ಬುಡ ದಪ್ಪಗಿರುವುದೇ ಗಟ್ಟಿ ಆಳು. ಅದು ತಾಯಿಯ ಗಡ್ಡೆಯಿಂದ ಚೆನ್ನಾಗಿ ಉಂಡು ಬೆಳೆದಿರುತ್ತದೆ, ಎಲೆಯ ಗೊಡವೆ ಇನ್ನೂ ಅದಕ್ಕೆ ಬಂದಿರುವುದಿಲ್ಲ. ನಾನು ಮೊದಲ ಸಲ ಚಂದವನ್ನೇ ಆರಿಸಿದೆ. ಅದು ಬದುಕಿತು, ಅಷ್ಟೇ.

ಎರಡನೆಯದು ಹಾಗಲ್ಲ. ನೆಟ್ಟ ಮೇಲೆ ಎರಡು ವಾರ ಸುಮ್ನೆ ನಿಂತಿತ್ತು. ಆಮೇಲೆ ಶುರುವಾಯಿತು ನೋಡಿ. ನಡುವಿನಿಂದ ಸುಳಿ ಹೊರಟಿತು, ಕಾಗದ ಸುರುಳಿ ಸುತ್ತಿಟ್ಟ ಹಾಗೆ. ಒಂದು ಸಂಜೆ ಸುಳಿಯ ತುದಿಯ ಮಟ್ಟಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಬೆಳಿಗ್ಗೆ ಹಲ್ಲುಜ್ಜುತ್ತ ಬಂದು ನೋಡಿದರೆ ಸುಳಿ ಗೆರೆಯಿಂದ ನಾಲ್ಕು ಬೆರಳು ಮೇಲಿದೆ! ನಾನು ಮಲಗಿದ್ದಾಗ ನನ್ನ ಹಿತ್ತಲಲ್ಲಿ ಒಬ್ಬರು ಕೆಲಸ ಮಾಡುತ್ತಿದ್ದರು ಅನ್ನುವುದೇ ಒಂದು ಸಮಾಧಾನ. ಆ ಗೋಡೆಯ ಮೇಲೆ ಏಳು ಗೆರೆಗಳಾದವು. ಎಂಟನೆಯದಕ್ಕೆ ಸ್ಟೂಲ್ ಬೇಕಾಯಿತು, ಬಿಟ್ಟೆ.

ಸುಳಿ ಬಿಚ್ಚಿಕೊಂಡ ಹೊಸ ಎಲೆಯನ್ನು ಬೆಳಗಿನ ಬಿಸಿಲಿಗೆ ಎದುರಾಗಿ ನೋಡಬೇಕು. ಅಂಥ ಎಳೆ ಹಸಿರು ಬೇರೆ ಯಾವುದರಲ್ಲೂ ನಾನು ಕಂಡಿಲ್ಲ. ಮೇಲೊಂದು ಗೀರಿಲ್ಲ, ಮಡಿಕೆಯಿಲ್ಲ. ಈ ಸುಖ ಹೆಚ್ಚೆಂದರೆ ಮೂರು ದಿನ. ಗಾಳಿ ಬಂದು ಅಡ್ಡಡ್ಡ ಸೀಳಿಹಾಕುತ್ತದೆ. ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಆಮೇಲೆ ಗೊತ್ತಾಯಿತು, ಸೀಳುವುದೇ ಗಿಡಕ್ಕೆ ಒಳ್ಳೆಯದು. ಅಷ್ಟು ದೊಡ್ಡ ಎಲೆ ಹರಿಯದೆ ನಿಂತರೆ ಹಾಯಿಯ ಹಾಗೆ ಗಾಳಿ ತುಂಬಿಕೊಂಡು ಗಿಡವನ್ನೇ ಉರುಳಿಸುತ್ತದೆ. ಯಾಕೆಂದರೆ ಬಾಳೆಗೆ ಕಾಂಡ ಅನ್ನುವಂಥ ಕಾಂಡವೇ ಇಲ್ಲ. ನಾವು ಬಾಳೆಮರ ಅನ್ನುತ್ತೇವೆ, ಅದು ಮರವಲ್ಲ. ಹುಲ್ಲಿನ ಹಾಗೆ ಮೆತ್ತನೆಯ ಗಿಡ. ಕಂಬದ ಹಾಗೆ ಕಾಣುವುದು ಎಲೆಗಳ ಬುಡ ಒಂದರ ಮೇಲೊಂದು ಸುತ್ತಿಕೊಂಡು ಆದದ್ದು. ನಿಜವಾದ ಕಾಂಡ ಮಣ್ಣೊಳಗಿನ ಗಡ್ಡೆ. ಮೇಲಿನದೆಲ್ಲ ವೇಷ.

30, 40 ಎಲೆ ಬಿಟ್ಟ ಮೇಲೆ ಒಂದು ಗಿಡ್ಡ ಎಲೆ ಬರುತ್ತದೆ. ಅದು ಬಂತೆಂದರೆ ಹೂವು ಹಿಂದೆಯೇ ಇದೆ ಅಂತ ಅರ್ಥ. ಗಡ್ಡೆಯಲ್ಲಿ ಹುಟ್ಟಿದ ಹೂವಿನ ದಂಟು ಆ ಎಲೆಸುತ್ತಿನ ಒಳಗೇ ಏರಿ ಏರಿ ನೆತ್ತಿಯಿಂದ ಹೊರಬಂದು ಬಾಗುತ್ತದೆ. ತುದಿಯಲ್ಲಿ ಕೆನ್ನೇರಳೆ ಮೂತಿ. ಅದರ ಒಂದೊಂದೇ ಪದರ ಮೇಲೆದ್ದು, ಹಿಂದಕ್ಕೆ ಸುರುಳಿಯಾಗಿ, ಉದುರುತ್ತದೆ. ಪದರದ ಕೆಳಗೆ ಬೆರಳುಗಳ ಸಾಲು. ಮೊದಲು ಎಲ್ಲ ನೆಲ ನೋಡುತ್ತಿರುತ್ತವೆ. ದಿನ ಕಳೆದಂತೆ ಒಂದೊಂದಾಗಿ ಮೇಲಕ್ಕೆ ಬಾಗುತ್ತವೆ. ಬಾಳೆಹಣ್ಣು ಡೊಂಕಾಗಿರುವುದು ಇದರಿಂದಲೇ. ಆ ವಾರಗಳಲ್ಲಿ ನಮ್ಮ ಹಿತ್ತಲಿಗೆ ಸೂರಕ್ಕಿಗಳು ಬಂದವು, ಜೇನು ಬಂತು, ರಾತ್ರಿ ಬಾವಲಿ. ಮಕರಂದಕ್ಕೆ ಬರುವ ಅವರಿಗೆ ಒಂದು ವಿಷಯ ಗೊತ್ತಿಲ್ಲ. ನಾವು ತಿನ್ನುವ ಬಾಳೆಗೆ ಅವರ ಸಹಾಯ ಬೇಕಾಗಿಯೇ ಇಲ್ಲ. ಪರಾಗ ಮುಟ್ಟದೆಯೇ ಅದು ಕಾಯಿ ಕಟ್ಟುತ್ತದೆ. ಹಣ್ಣಿನ ನಡುವೆ ಕಾಣುವ ಕಪ್ಪು ಚುಕ್ಕೆಗಳು ಬೀಜವಾಗದೆ ಉಳಿದವು. ಪುಕ್ಕಟೆ ಊಟ ಅಂದರೆ ಇದು.

ಹೂ ಬಿಟ್ಟಾಗ ನಾನು ಮನೆಯವರನ್ನೆಲ್ಲ ಕೂಗಿ ಕರೆದೆ. ಇದಕ್ಕೆ ಇಷ್ಟೊಂದಾ ಅನ್ನಬೇಡಿ. 1736ರಲ್ಲಿ ಹಾಲೆಂಡಿನ ಶ್ರೀಮಂತ ಜಾರ್ಜ್ ಕ್ಲಿಫರ್ಡನ ತೋಟದ ಗಾಜಿನ ಮನೆಯಲ್ಲಿ ಒಂದು ಬಾಳೆಗಿಡ ಹೂ ಬಿಟ್ಟಿತು. ಆ ಚಳಿಯ ನಾಡಿನಲ್ಲಿ ಅದನ್ನು ಹೂ ಬಿಡಿಸಿದವನು ಕಾರ್ಲ್ ಲಿನಿಯಸ್, ಜಗತ್ತಿನ ಗಿಡಗಳಿಗೆಲ್ಲ ಎರಡು ಪದದ ಹೆಸರಿಟ್ಟ ಪುಣ್ಯಾತ್ಮ. ಆತ ಆ ಒಂದೇ ಗಿಡದ ಬಗ್ಗೆ ಒಂದು ಪುಸ್ತಕವನ್ನೇ ಬರೆದ! ನಾನು ಕೂಗಿದ್ದಷ್ಟೇ. ಸುಮಾರು ನೂರು ವರ್ಷದ ಮೇಲೆ ಇಂಗ್ಲೆಂಡಿನ ಚಾಟ್ಸ್‌ವರ್ತ್‌ನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ಯಜಮಾನರ ಗಾಜಿನ ಮನೆಯಲ್ಲಿ ಬಾಳೆ ಬೆಳೆದು ಹಣ್ಣು ಬಿಡಿಸಿದ. ಯಜಮಾನರ ಮನೆತನದ ಹೆಸರು ಕ್ಯಾವೆಂಡಿಶ್. ಇವತ್ತು ದೇಶದಿಂದ ದೇಶಕ್ಕೆ ಹಡಗು ಹತ್ತುವ ಬಾಳೆಹಣ್ಣಿನಲ್ಲಿ ಬಹುಪಾಲು ಆ ಹೆಸರಿನದೇ. ಬೆಳೆದವನು ಪ್ಯಾಕ್ಸ್‌ಟನ್, ಹೆಸರು ಯಜಮಾನರದು. ಇರಲಿ.

ಕಾಯಿಯ ಏಣು ಕರಗಿ ಮೈ ದುಂಡಗಾದಾಗ ಗೊನೆ ಬಲಿತಿದೆ ಅಂತ ಲೆಕ್ಕ. ಕಡಿಯುವುದೂ ಒಂದು ಕಲೆ. ಗಿಡದ ಅರ್ಧ ಎತ್ತರದಲ್ಲಿ ಅರ್ಧದಷ್ಟು ಮಾತ್ರ ಕಚ್ಚು ಹಾಕಬೇಕು, ಆಗ ಅದು ನಿಧಾನವಾಗಿ ಬಾಗಿ ಗೊನೆಯನ್ನು ಕೈಗೆ ತಂದುಕೊಡುತ್ತದೆ. ನಾನು ಉತ್ಸಾಹದಲ್ಲಿ ಒಂದೇ ಏಟಿಗೆ ಕಡಿದೆ. ಗಿಡ, ಗೊನೆ, ನಾನು ಮೂವರೂ ಒಟ್ಟಿಗೆ ನೆಲಕ್ಕೆ ಬಂದೆವು. ಕಡಿದ ಜಾಗದಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಮೈಮೇಲೆ ಹಾಕಿಕೊಂಡಿದ್ದು ಬಿಳಿ ಅಂಗಿ. ಬಾಳೆಯ ಸೊನೆ ಮೊದಲು ನೀರಿನ ಹಾಗೇ ಇರುತ್ತದೆ, ಮೋಸ. ಸಂಜೆಗೆ ಅದು ಕಂದು ಬಣ್ಣದ ಕಲೆಯಾಯಿತು. ಆ ಅಂಗಿ ಈಗ ಸೈಕಲ್ ಒರೆಸುತ್ತದೆ.

ಎಂಟು ಚಿಪ್ಪು, ಒಂದೊಂದರಲ್ಲಿ 15, 16 ಕಾಯಿ. ಒಟ್ಟು 120ಕ್ಕೂ ಜಾಸ್ತಿ. ಮನೆಯಲ್ಲಿ ನಾಲ್ಕು ಬಾಯಿ. ಮೊದಲ ಆರು ದಿನ ಒಂದು ಕಾಯಿಯೂ ಹಣ್ಣಾಗಲಿಲ್ಲ. ದಿನಕ್ಕೆ ಮೂರು ಸಲ ಹೋಗಿ ಒತ್ತಿ ನೋಡುತ್ತಿದ್ದೆ. ಏಳನೆಯ ದಿನ ಒಂದು ಹಳದಿಯಾಯಿತು. ಹಣ್ಣಾಗುತ್ತಿರುವ ಬಾಳೆ ಎಥಿಲೀನ್ ಅನ್ನುವ ಅನಿಲ ಬಿಡುತ್ತದೆ, ಅದು ತಾಗಿದ ಪಕ್ಕದ ಕಾಯಿಯೂ ಹಣ್ಣಾಗಲು ಹೊರಡುತ್ತದೆ. ಗುಟ್ಟು ಹಬ್ಬಿದ ಹಾಗೆ ಹಬ್ಬುತ್ತದೆ. ಹತ್ತನೆಯ ದಿನ ಮನೆಯೆಲ್ಲ ಹಳದಿ.

ಬೆಳಿಗ್ಗೆ ಬಾಳೆಹಣ್ಣು, ಮಧ್ಯಾಹ್ನ ಬಾಳೆಹಣ್ಣು. ರಾತ್ರಿ ಮಗಳು ಕೈಮುಗಿದಳು: "ಅಪ್ಪಾ, ಬೇಡ." ಹೀಗೆ ನಾನು ಹಂಚಲು ಹೊರಟೆ. ಇಷ್ಟು ವರ್ಷ ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದ ಮನೆಗಳ ಗೇಟು ತೆಗೆದು ಒಳಗೆ ಹೋದೆ. ಯಾರ ಮನೆಯ ನಾಯಿ ಕಚ್ಚುವುದಿಲ್ಲ, ಯಾರ ಮನೆಯ ಅಜ್ಜಿಗೆ ಮೊಣಕಾಲು ನೋವು, ಎಲ್ಲ ಗೊತ್ತಾಯಿತು. ಒಂದು ಕಿಲೋ ಹಣ್ಣು ಕೊಂಡು ತಂದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ, ಅಲ್ವಾ? ಬೇಲಿಯಾಚೆಯ ಯಜಮಾನರಿಗಂತೂ ಮೂರು ಸಲ ಕೊಟ್ಟೆ. ನಾಲ್ಕನೆಯ ಸಲ ನನ್ನ ಕೈಯಲ್ಲಿ ಚೀಲ ಕಂಡು ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಗೊನೆ ಕೊಟ್ಟ ಗಿಡ ಮತ್ತೆ ಕೊಡುವುದಿಲ್ಲ. ಅದನ್ನು ತುಂಡು ಮಾಡಿ ಬುಡಕ್ಕೇ ಹಾಕಿದೆ, ಕೊಳೆತು ಮುಂದಿನದಕ್ಕೆ ಗೊಬ್ಬರವಾಗಲಿ ಅಂತ. ಅಷ್ಟರಲ್ಲಿ ಸುತ್ತ ಐದು ಕಂದು ಎದ್ದಿದ್ದವು. ಒಂದನ್ನೋ ಎರಡನ್ನೋ ಬಿಟ್ಟು ಉಳಿದವನ್ನು ತೆಗೆಯದಿದ್ದರೆ ಎಲ್ಲವೂ ಸೊರಗುತ್ತವೆ. ತೆಗೆದೆ. ಆದರೆ ಬಾಳೆಯ ಬುಡ ಇದ್ದಲ್ಲೇ ಇರುವುದಿಲ್ಲ. ತಾಯಿ ಒಂದು ಕಡೆ, ಕಂದು ಒಂದು ಅಡಿ ಆಚೆ, ಅದರ ಕಂದು ಇನ್ನೊಂದು ಅಡಿ ಆಚೆ. ಹೀಗೇ ನಡೆಯುತ್ತ ಹೋಗುತ್ತದೆ. ನಮ್ಮದು ಮೂರು ವರ್ಷದಲ್ಲಿ ಬೇಲಿ ತಲುಪಿತು.

ಮೊನ್ನೆ ಬೇಲಿಯಾಚೆಯಿಂದ ಯಜಮಾನರು ಕೂಗಿದರು. "ರೀ, ನಿಮ್ಮ ಬಾಳೆ ನಮ್ಮ ಕಡೆ ಎದ್ದಿದೆ. ಕಿತ್ತು ಹಾಕ್ಲಾ?"

"ಎಲೆ ಹೇಗಿದೆ ಸಾರ್? ಅಗಲವಾ?"

ಅವರು ಬಗ್ಗಿ ನೋಡಿದರು. "ಇಲ್ಲ, ಕತ್ತಿ ಥರ ಇದೆ."

"ಹಾಗಾದ್ರೆ ಇರಲಿ ಬಿಡಿ," ಅಂದೆ. "ಪಾತ್ರೆ ನೀರು ಆ ಕಡೆಗೇ ಬಿಡಿ."